ದತ್ತಿಕಲ್ಲಿನ ನೆತ್ತಿಯ ಚಿತ್ರ: ಕಲಾ ಇತಿಹಾಸದ ಸ್ನಾತಕೋತ್ತರ ಓದು ಯಾರಿಗಾಗಿ?

ದತ್ತಿ ಎಂಬ ಮಾತು ನಮ್ಮ ನಾಡಿನಲ್ಲಿ ಬ್ಯಾಂಕಿನ ಠೇವಣಿಗಿಂತ ಬಹಳ ಹಳೆಯದು. ಇಂದು ದತ್ತಿ ಎಂದರೆ ಒಂದು ಮೂಲಧನ, ಅದರ ಬಡ್ಡಿ, ಆ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಒಂದು ಶಾಲು, ಒಂದು ಹಾರ. ಎಂಟುನೂರು, ಒಂಬೈನೂರು ವರ್ಷದ ಹಿಂದೆ ಅದು ಗದ್ದೆ, ತೋಟ, ಗಾಣ ಅಥವಾ ಸುಂಕದ ಒಂದು ಪಾಲು. ಬಿಟ್ಟುಕೊಟ್ಟವರ ಮಾತನ್ನು ಕಲ್ಲಿನಲ್ಲಿ ಕಂಡರಿಸಿ ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೋ ನಿಲ್ಲಿಸುತ್ತಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಅಂಥ ಕಲ್ಲುಗಳಿಗೆ ಬರವಿಲ್ಲ. ಅವುಗಳ ನೆತ್ತಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಬರಹ ಶುರುವಾಗುವ ಮೊದಲೇ ಅಲ್ಲೊಂದು ಚಿತ್ರದ ಪಟ್ಟಿಕೆ ಇರುತ್ತದೆ: ನಡುವೆ ಲಿಂಗ, ಒಂದು ಪಕ್ಕ ಪೂಜಿಸುವ ಯತಿ, ಇನ್ನೊಂದು ಪಕ್ಕ ಕರುವಿಗೆ ಹಾಲೂಡುವ ಹಸು, ಮೇಲೆ ಸೂರ್ಯ ಚಂದ್ರ, ಕೆಲವು ಕಡೆ ಒಂದು ಕತ್ತಿ. ಸೂರ್ಯ ಚಂದ್ರರಿರುವ ತನಕ ಈ ದಾನ ನಡೆಯಬೇಕು ಎಂಬುದನ್ನು ಅಕ್ಷರ ಬಾರದವನೂ ದೂರದಿಂದಲೇ ತಿಳಿಯುತ್ತಿದ್ದ. ಆದರೆ ಆ ಹಸು ಏಕೆ? ದಾನ ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದು ಕೆಳಗೆ ಬರೆದಿರುವ ಶಾಪಕ್ಕೂ ಮೇಲಿನ ಹಸುವಿಗೂ ನಂಟುಂಟೇ? ಕತ್ತಿ ಕೆಲವು ಕಲ್ಲುಗಳಲ್ಲಿ ಮಾತ್ರ ಬರುವುದೇಕೆ? ಬರಹವನ್ನು ಎಷ್ಟು ಸಲ ಓದಿದರೂ ಇವಕ್ಕೆ ಉತ್ತರ ಸಿಗುವುದಿಲ್ಲ. ನೂರಾರು ಕಲ್ಲುಗಳ ಚಿತ್ರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು, ಕಾಲಕ್ರಮಕ್ಕೆ ಹೊಂದಿಸಬೇಕು, ಎಲ್ಲಿ ಬದಲಾಯಿತೆಂದು ಗುರುತಿಸಬೇಕು. ಹೀಗೆ ನೋಡುವ ಶಿಸ್ತಿಗೆ ಕಲಾ ಇತಿಹಾಸ ಎಂದು ಹೆಸರು.

ಬರಹ ಓದುವ ಕೆಲಸ ನಮ್ಮಲ್ಲಿ ಚೆನ್ನಾಗಿ ನಡೆದಿದೆ, ಅದರಲ್ಲಿ ಎರಡು ಮಾತಿಲ್ಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ, 11ನೇ ಸಂಪುಟದಲ್ಲಿ ಜಗಳೂರಿನವು. ಎರಡೂ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅಚ್ಚಾದವು. ನ್ಯಾಮತಿ ತಾಲ್ಲೂಕಾಗಿದ್ದು ಈಚೆಗೆ. ಅದರ ಶಾಸನ ಹುಡುಕುವವರು ಹೊನ್ನಾಳಿಯ ಪುಟಗಳನ್ನೇ ತಿರುವಬೇಕು. ಈ ನಾಲ್ಕೂ ತಾಲ್ಲೂಕು ಸೇರಿರುವ ದಾವಣಗೆರೆ ಜಿಲ್ಲೆಯಾದರೂ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಹೀಗಾಗಿ ಇವತ್ತಿನ ದಾವಣಗೆರೆ ಜಿಲ್ಲೆಯ ಚರಿತ್ರೆ ಹಳೆಯ ಶಿವಮೊಗ್ಗದ ಒಂದು ಸಂಪುಟಕ್ಕೂ ಚಿತ್ರದುರ್ಗದ ಇನ್ನೊಂದಕ್ಕೂ ಹರಿದು ಹಂಚಿಹೋಗಿದೆ. ರೈಸ್ ಮತ್ತು ಅವರ ಪಂಡಿತರು ಮಾಡಿದ್ದು ಸಾಮಾನ್ಯ ಕೆಲಸವಲ್ಲ. ಆದರೆ ಅವರು ಹುಡುಕಿದ್ದು ಅಕ್ಷರವನ್ನು. ಬರಹವಿರುವ ಕಲ್ಲಿಗೆ ಸಂಖ್ಯೆ ಬಿತ್ತು, ಪಾಠ ಬಂತು, ಲಿಪ್ಯಂತರ ಬಂತು, ಅನುವಾದ ಬಂತು. ಪಕ್ಕದಲ್ಲೇ ನಿಂತಿದ್ದ ಬರಹವಿಲ್ಲದ ಕಲ್ಲಿಗೆ ಏನೂ ಬರಲಿಲ್ಲ. ಇದು ರೈಸ್ ಅವರ ಮೇಲಿನ ದೂರಲ್ಲ, ಅವರ ಗುರಿಯೇ ಬೇರೆ ಇತ್ತು. ನನ್ನ ದೂರು ನಮ್ಮ ಮೇಲೆ. ನೂರು ವರ್ಷ ದಾಟಿದ ಮೇಲೂ ಈ ಸೀಮೆಯ ಗತಕಾಲ ಎಂದರೆ ಆ ಸಂಪುಟಗಳಲ್ಲಿ ಇರುವಷ್ಟೇ ಎಂದುಕೊಂಡು ಕುಳಿತಿದ್ದೇವೆ. ನನ್ನ ವಾದವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ನಾಲ್ಕು ತಾಲ್ಲೂಕುಗಳ ಹಿಂದಿನ ಬದುಕಿನ ದೊಡ್ಡ ಪಾಲು ಅಕ್ಷರಕ್ಕೆ ಇಳಿಯದೆ ರೂಪದಲ್ಲಿ ಮಾತ್ರ ಉಳಿದಿದೆ. ರೂಪವನ್ನು ಸಾಕ್ಷ್ಯವಾಗಿ ಓದಬಲ್ಲವರನ್ನು ನಾವು ಬೆಳೆಸಿಲ್ಲ. ಆದ್ದರಿಂದ ಇಲ್ಲಿಯ ಮಕ್ಕಳು ಕಲಾ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಓದುವುದು ಶೋಕಿಯೆಂದು ನಾನು ಎಣಿಸಲಾರೆ. ಅದು ಬಾಕಿ ಉಳಿದ ಕೆಲಸ.

ಬೆಳಗುತ್ತಿಯನ್ನು ತೆಗೆದುಕೊಳ್ಳಿ. ಈಗ ಅದು ನ್ಯಾಮತಿ ತಾಲ್ಲೂಕಿನ ಒಂದು ಊರು. 12, 13ನೇ ಶತಮಾನಗಳಲ್ಲಿ ಸಿಂದ ಮನೆತನದ ಒಂದು ಶಾಖೆಯ ರಾಜಧಾನಿ. ಮೇಲೆ ಚಾಲುಕ್ಯರು, ಹೊಯ್ಸಳರು, ಸೇವುಣರು ಎಳೆದಾಡುತ್ತಿದ್ದ ಗಡಿಸೀಮೆ. ಎಲ್ಲಿ ಎಳೆದಾಟವೋ ಅಲ್ಲಿ ವೀರಗಲ್ಲು. ಅದರ ಏರ್ಪಾಡು ನಿಮಗೆ ಗೊತ್ತಿರುವುದೇ: ಕೆಳಗಿನ ಅಂತಸ್ತಿನಲ್ಲಿ ಹೋರಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತ ಅದೇ ವೀರ. ಬರಹ ಇದ್ದರೆ ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಇರುತ್ತದೆ. ಬರಹ ಹೇಳುವುದು ಸಾಮಾನ್ಯವಾಗಿ ಇಷ್ಟು: ಯಾವ ಅರಸನ ಕಾಲ, ಯಾವ ದಿನ, ಯಾವ ಊರಿನ ತುರು ಹೋಯಿತು, ಯಾರು ಕಾದಿ ಸತ್ತ. ಚಿತ್ರ ಹೇಳುವುದು ಬೇರೆ. ಬಿಲ್ಲು ಹಿಡಿದವನೋ, ಕತ್ತಿ ಗುರಾಣಿ ಹಿಡಿದವನೋ? ಕಾಲಾಳೋ, ಕುದುರೆಯ ಮೇಲಿದ್ದವನೋ? ಎದುರಾಳಿಯ ಉಡುಪು ಬೇರೆಯೋ? ತುರುವಿನ ಹಿಂಡನ್ನು ತೋರಿಸುವ ರೀತಿ ಒಂದು ಊರಿನಲ್ಲಿ ಒಂದು ಬಗೆ, ಹತ್ತು ಹರದಾರಿ ಆಚೆ ಇನ್ನೊಂದು ಬಗೆ ಎಂದಾದರೆ ಅಲ್ಲಿ ಕಲ್ಲುಕುಟಿಗರ ಎರಡು ಬೇರೆ ಮನೆತನಗಳಿದ್ದವು ಎಂದು ಊಹಿಸಬಹುದು. ಅದಕ್ಕೆ ಆಧಾರ ಕಲ್ಲು ಮಾತ್ರ. ಯಾವ ಶಾಸನವೂ ಅದನ್ನು ಹೇಳುವುದಿಲ್ಲ. ಮಾಸ್ತಿಕಲ್ಲಿನ ಮಾತಂತೂ ಇನ್ನೂ ಗಟ್ಟಿ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿಸಿ ಎತ್ತಿದ ಬಳೆ ತೊಟ್ಟ ಕೈ, ಬೆರಳ ಸಂದಿನಲ್ಲಿ ನಿಂಬೆಹಣ್ಣು. ಎಷ್ಟೋ ಕಡೆ ಆ ಹೆಣ್ಣಿನ ಹೆಸರಿಲ್ಲ, ಊರಿಲ್ಲ, ತಿಥಿಯಿಲ್ಲ. ಅವಳ ಪಾಲಿಗೆ ಉಳಿದಿರುವ ದಾಖಲೆ ಆ ಕೈಯೊಂದೇ. ಬರಹವನ್ನಷ್ಟೇ ನಂಬುವ ಚರಿತ್ರೆಯಲ್ಲಿ ಅವಳು ಬದುಕಿಯೇ ಇರಲಿಲ್ಲ ಎಂದ ಹಾಗಾಯಿತು.

ಇಂಥ ಕಲ್ಲುಗಳನ್ನು ಹೀಗೆ ಓದಬಹುದೆಂದು ತೋರಿಸಿದ ಕೆಲಸ ನಡೆದದ್ದೂ ದೂರದಲ್ಲೇನಲ್ಲ. ಷ. ಶೆಟ್ಟರ್ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭಾರತೀಯ ಕಲಾ ಇತಿಹಾಸ ಸಂಸ್ಥೆಯನ್ನು ನಡೆಸುತ್ತಿದ್ದಾಗ, 1982ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನ ಗುಂಥರ್ ಸೊಂಥೈಮರ್ ಅವರೊಡನೆ ಸ್ಮಾರಕಶಿಲೆಗಳ ಬಗ್ಗೆ ಒಂದು ದೊಡ್ಡ ಗ್ರಂಥವನ್ನು ಸಂಪಾದಿಸಿ ತಂದರು. ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿ ಇವೆಲ್ಲ ಒಂದು ಶಿಸ್ತಿನ ಅಧ್ಯಯನಕ್ಕೆ ತಕ್ಕ ವಸ್ತು ಎಂಬುದು ಅಲ್ಲಿಂದಾಚೆಗೆ ಜಗತ್ತಿನ ವಿದ್ವಾಂಸರಿಗೆ ಗೊತ್ತು. ಕನ್ನಡದಲ್ಲಿ ಆರ್. ಶೇಷಶಾಸ್ತ್ರಿಗಳು ಕರ್ನಾಟಕದ ವೀರಗಲ್ಲುಗಳ ಬಗ್ಗೆಯೇ ಪುಸ್ತಕ ಬರೆದರು. ಅಂದರೆ ದಾರಿ ತೆರೆದಿದೆ. ಆ ದಾರಿಯಲ್ಲಿ ತಾಲ್ಲೂಕು ತಾಲ್ಲೂಕಾಗಿ ನಡೆದು ಮುಗಿಸುವವರು ಬೇಕು.

ಹಾಗಾದರೆ ಈ ವಿದ್ಯೆ ಎಲ್ಲಿ ಸಿಗುತ್ತದೆ? ತೊಡಕು ಇರುವುದು ಇಲ್ಲಿಯೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕಲಾ ಇತಿಹಾಸ ಎರಡು ಮನೆಯ ನೆಂಟ, ಎರಡು ಕಡೆಯೂ ಉಪವಾಸ. ಇತಿಹಾಸ ಎಂ.ಎ.ಯಲ್ಲಿ ಅದು ಪ್ರತಿ ರಾಜಮನೆತನದ ಕೊನೆಯಲ್ಲಿ ಬರುವ 'ಕಲೆ ಮತ್ತು ವಾಸ್ತುಶಿಲ್ಪ' ಎಂಬ ಅಧ್ಯಾಯ. ಯುದ್ಧ, ಆಡಳಿತ, ಸಾಹಿತ್ಯ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮುಗಿಸುವಂಥದ್ದು. ಚಿತ್ರಕಲಾ ಕಾಲೇಜುಗಳಲ್ಲಿ ಅದು ಬಣ್ಣ ಕಲೆಸುವವರು ಒಲ್ಲದ ಮನಸ್ಸಿನಿಂದ ಬರೆಯುವ ಒಂದು ಪತ್ರಿಕೆ. ದಾವಣಗೆರೆಯಲ್ಲಿ 1964ರಿಂದ ಚಿತ್ರಕಲೆ ಕಲಿಸುವ ಕಾಲೇಜಿದೆ, ಈಗ ಅದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಈ ನಾಲ್ಕೂ ತಾಲ್ಲೂಕಿನ ಮಕ್ಕಳಿಗೆ ಬಸ್ಸಿನ ದೂರ. ಕೈಕೆಲಸ ಕಲಿಯುವವರಿಗೆ ಅದು ಸಾಕಷ್ಟು ಕೊಟ್ಟಿದೆ. ಕಲಾ ಇತಿಹಾಸವನ್ನೇ ಮುಖ್ಯ ವಿಷಯವಾಗಿ ಓದಬೇಕೆಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿಗೆ ಹೋಗಬೇಕು. ಇಲ್ಲವೇ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಶಾಂತಿನಿಕೇತನದ ಕಲಾಭವನ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ದೆಹಲಿಯಲ್ಲಿ ಯಾವ ಪದವಿ ಮುಗಿಸಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಓದಿದ ಹೊನ್ನಾಳಿಯ ಹುಡುಗಿಗೆ ಅಲ್ಲಿ ಬಾಗಿಲು ಮುಚ್ಚಿಲ್ಲ. ಅವಳಿಗೆ ಅದನ್ನು ಯಾರೂ ಹೇಳಿಲ್ಲ, ಅಷ್ಟೆ.

ಸ್ನಾತಕೋತ್ತರ ಓದಿನ ಎರಡು ವರ್ಷದಲ್ಲಿ ಕಲಿಸುವುದೇನು ಎಂಬುದನ್ನು ಪಠ್ಯಕ್ರಮ ಓದಿ ಹೇಳುವುದಕ್ಕಿಂತ ಒಂದು ಕಟ್ಟಡ ಹಿಡಿದು ಹೇಳುವುದು ಮೇಲು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡದವರು ಈ ಸಭೆಯಲ್ಲಿ ಇರಲಾರರು. ಸುತ್ತ ಮೆಟ್ಟಿಲು, ನಡುನೀರಿನಲ್ಲಿ ವಸಂತಮಂಟಪ, ದಂಡೆಯ ಮೇಲೆ ಚಿಕ್ಕ ಮಂಟಪಗಳು, ಪಕ್ಕದಲ್ಲಿ ಮುಸಾಫಿರಖಾನೆ ಎಂದು ಕರೆಯುವ ಭಾರಿ ಕಲ್ಲುಕಟ್ಟಡ. ಗೆಜೆಟಿಯರಿನ ಕಥೆ ಹೀಗಿದೆ: 16ನೇ ಶತಮಾನದಲ್ಲಿ ಇಲ್ಲಿಯ ಪಾಳೆಯಗಾರ ಹನುಮಪ್ಪ ನಾಯಕ ರಂಗನಾಥನ ಗುಡಿ ಕಟ್ಟಿಸಿದ, ಮುಂದೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡಯಾತ್ರೆಯಲ್ಲಿ ಗುಡಿ ಬಿದ್ದು ಆ ಜಾಗದಲ್ಲಿ ಮಸೀದಿ ಎದ್ದಿತು. ನಮ್ಮ ಮಾತುಕತೆ ಇಲ್ಲಿಗೇ ನಿಂತುಬಿಡುತ್ತದೆ. ಕಟ್ಟಿಸಿದವನು ಯಾರು, ಕೆಡವಿದವನು ಯಾರು? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಕಟ್ಟಡದ ಕಡೆ ನೋಡುವುದನ್ನೇ ಬಿಡುತ್ತೇವೆ. ಕಲಾ ಇತಿಹಾಸದ ವಿದ್ಯಾರ್ಥಿ ಕೇಳುವ ಪ್ರಶ್ನೆ ಕಟ್ಟಿದವರನ್ನು ಕುರಿತದ್ದು: ಆ ಕೈಗಳು ಎಲ್ಲಿ ಕೆಲಸ ಕಲಿತವು? ಕೊಳದ ಮಂಟಪದ ಕಮಾನು ಮೊನಚಾದದ್ದು, ಸುಲ್ತಾನರ ಕಟ್ಟಡಗಳ ಬಗೆಯದು. ಮೇಲೆ ಮೆಟ್ಟಿಲುಮೆಟ್ಟಿಲಾಗಿ ಏರುವ ಶಿಖರ ಗುಡಿಯ ಕಡೆಯದು. ಎರಡೂ ಒಂದೇ ಕಟ್ಟಡದಲ್ಲಿ ಜಗಳವಿಲ್ಲದೆ ಕೂತಿವೆ. ಇದನ್ನು ಹಂಪಿಯ ಕಮಲ ಮಹಲಿನ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಇದೇ ಬೆರಕೆ. 1996ರಲ್ಲಿ ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು ವಿಜಯನಗರದ ಅರಸರು ಧರಿಸಿದ ಹಿಂದೂರಾಯ ಸುರತ್ರಾಣ ಎಂಬ ಬಿರುದನ್ನೂ ಅವರ ಆಸ್ಥಾನದ ಉಡುಪನ್ನೂ ಹಿಡಿದು, ಸುಲ್ತಾನರ ನಾಡಿನ ರೀತಿಗಳು ಇಲ್ಲಿ ರಾಜಗೌರವದ ಗುರುತಾಗಿದ್ದವು ಎಂದು ವಾದಿಸಿದರು. ರಾಜಧಾನಿಯ ಆ ರುಚಿ ಒಬ್ಬ ಪಾಳೆಯಗಾರನ ಕೊಳದವರೆಗೆ ಹೇಗೆ ಇಳಿದುಬಂತು, ಎಷ್ಟು ವರ್ಷ ಹಿಡಿಯಿತು, 1565ರ ನಂತರ ಹಂಪಿ ಬಿಟ್ಟ ಕುಶಲಿಗರು ಈ ಕಡೆ ಬಂದರೇ ಎಂಬುದನ್ನು ಕಮಾನಿನ ವಕ್ರ, ಗಾರೆಯ ಕೆಲಸ, ಕಲ್ಲಿನ ಜೋಡಣೆ, ಅಳತೆ ಇವುಗಳಿಂದ ಶೋಧಿಸಬೇಕು. ಅದು ಎರಡು ವರ್ಷದ ಓದಿಗೆ ಒಪ್ಪುವ ಒಂದು ಒಳ್ಳೆಯ ಪ್ರಬಂಧ.

ಇದನ್ನು ಹೇಳಿದೊಡನೆ ಎರಡು ಕಡೆಯಿಂದಲೂ ಗೊಣಗು ಏಳುವುದುಂಟು. ಗುಡಿ ಬಿದ್ದದ್ದನ್ನು ಮುಚ್ಚಿಹಾಕಲು ಈ ಬೆರಕೆಯ ಮಾತೇ ಎಂದು ಒಬ್ಬರು, ಹಳೆಯ ಗಾಯ ಕೆದಕುವುದೇಕೆ ಎಂದು ಇನ್ನೊಬ್ಬರು. ಬಿದ್ದದ್ದು ಬಿದ್ದದ್ದೇ. ಅದನ್ನು ಮುಚ್ಚಿಟ್ಟು ಬರೆದ ಪ್ರಬಂಧಕ್ಕೆ ಬೆಲೆಯಿಲ್ಲ. ಆದರೆ ಕೆಡವಿದ ಸುದ್ದಿಯೊಂದೇ ಚರಿತ್ರೆಯಾದರೆ, ನಿಂತಿರುವ ಕಲ್ಲಿನಲ್ಲಿ ಕಾಣುವ ಕೊಡುಕೊಳೆಯನ್ನು ಯಾವ ಲೆಕ್ಕಕ್ಕೆ ಬರೆಯೋಣ? ಇಬ್ಬರೂ ಕಟ್ಟಡ ನೋಡದೆ ಮಾತಾಡುತ್ತಿದ್ದಾರೆ ಎಂಬುದು ನನ್ನ ಅನಿಸಿಕೆ. ನೋಡಿ ಮಾತಾಡುವವರ ಸಂಖ್ಯೆ ಹೆಚ್ಚಾದರೆ ಗದ್ದಲ ಸ್ವಲ್ಪ ಇಳಿದೀತು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ, ಹಂಪಿ ಅದಕ್ಕೂ ಬಹಳ ಮೊದಲೇ. ಅಂಥ ಶಿಖರಗಳಿರುವಾಗ ಚನ್ನಗಿರಿ, ಜಗಳೂರಿನ ಸಾಧಾರಣ ಗುಡಿ, ಮೊಂಡು ವೀರಗಲ್ಲುಗಳಿಗೆ ಒಬ್ಬ ವಿದ್ಯಾರ್ಥಿಯ ಎರಡು ವರ್ಷ ಏಕೆ ಹಾಕಬೇಕು? ಇದಕ್ಕೆ ಬೇಲೂರಿನ ಕಲ್ಲೇ ಉತ್ತರ ಕೊಡುತ್ತದೆ. ಅಲ್ಲಿ ಹೆಸರು ಕೆತ್ತಿಕೊಂಡ ರೂವಾರಿಗಳಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಬಳ್ಳಿಗಾವೆ ಇರುವುದು ನ್ಯಾಮತಿಗೆ ನೆರೆಯಾದ ಶಿಕಾರಿಪುರ ಸೀಮೆಯಲ್ಲಿ. ಬೇಲೂರಿನ ಬೆಡಗಿಗೆ ಬೇಕಾದ ಕೈಗಳು ಈ ಕಡೆಯ ಗುಡಿಗಳಲ್ಲಿ ಪಳಗಿದವು ಎಂದ ಮೇಲೆ, ಪಳಗಿದ ಜಾಗವನ್ನು ಬಿಟ್ಟು ಮೆರೆದ ಜಾಗವನ್ನು ಮಾತ್ರ ಓದುವುದು ಅರ್ಧ ಓದು. ಮಲ್ಲಿತಮ್ಮ ಎಂಬ ರೂವಾರಿಯ ವಿಷಯ ಇನ್ನೂ ಸ್ವಾರಸ್ಯದ್ದು. 1196ರ ಅಮೃತಾಪುರದ ಗುಡಿಯಲ್ಲಿಯೂ ಆ ಹೆಸರಿದೆ, 13ನೇ ಶತಮಾನದ ನಡುಭಾಗ ದಾಟಿದ ಸೋಮನಾಥಪುರದಲ್ಲಿಯೂ ಇದೆ. ನಡುವೆ ಅರವತ್ತು ವರ್ಷಕ್ಕೂ ಮಿಕ್ಕಿದ ಅಂತರ. ಒಬ್ಬನೇ ದೀರ್ಘಾಯುಷಿಯೋ, ಒಂದೇ ಹೆಸರಿನ ಇಬ್ಬರೋ? ಬರಹ 'ಮಲ್ಲಿತಮ್ಮ' ಎಂದು ಹೇಳಿ ಸುಮ್ಮನಾಗುತ್ತದೆ. ಬೆರಳು ಕಡೆದ ರೀತಿ, ಆಭರಣದ ಮಣಿ, ನಿಂತ ಭಂಗಿ ಇವನ್ನು ಒಂದಕ್ಕೊಂದು ತಾಳೆ ನೋಡಿದ ಕಣ್ಣು ಮಾತ್ರ ಮುಂದಿನ ಮಾತು ಹೇಳಬಲ್ಲದು. ಜಗಳೂರಿನ ಕಡೆ ಬಂದರೆ ಭೂಮಿಯೂ ಬೇರೆ, ಕಲ್ಲಿನ ಕಥೆಯೂ ಬೇರೆ. ಅದು ನೊಳಂಬವಾಡಿಯ ನೆಲ; ಆಚೆಗೆ ಉಚ್ಚಂಗಿಯ ಪಾಂಡ್ಯರು, ಈಚೆಗೆ ಚಿತ್ರದುರ್ಗದ ನಾಯಕರು. ಮಳೆ ಕಡಿಮೆ, ದೊಡ್ಡ ದಾನವೂ ಕಡಿಮೆ. ಬಡ ಸೀಮೆಯಲ್ಲಿ ಶಿಲ್ಪ ಹೇಗಿರುತ್ತದೆ, ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಹಳೇಬೀಡಿನಲ್ಲಿ ಉತ್ತರ ಸಿಗುವುದಿಲ್ಲ.

ಕಲ್ಲೊಂದೇ ಕಲೆ ಎಂದು ಭಾವಿಸಬೇಕಾಗಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗವೆಂದು ಬಂಜಾರರ ದೊಡ್ಡ ಯಾತ್ರಾಸ್ಥಳ. ಅಲ್ಲಿಗೆ ಬರುವ ತಾಂಡಾಗಳ ಹೆಂಗಸರ ಕನ್ನಡಿ, ಕವಡೆ, ದಾರದ ಕಸೂತಿಯಲ್ಲಿ ಯಾವ ಹೊಲಿಗೆ ಯಾವ ಕಡೆಯದು, ಯಾವುದು ಪೇಟೆಗಾಗಿ ಹೊಸದಾಗಿ ಸೇರಿದ್ದು ಎಂಬುದೂ ಕಲಾ ಇತಿಹಾಸವೇ. ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾಯರು ತೊಗಲುಗೊಂಬೆಗಳನ್ನು ಸಂಗ್ರಹಿಸಿದಾಗ, ಹಿರಿಯೂರು ಕಡೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಮೈಸೂರಿನ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಹಳ್ಳಿಹಳ್ಳಿ ಅಲೆದಾಗ ಇದು ಹುಚ್ಚು ಎನಿಸಿದವರಿದ್ದಿರಬೇಕು. ಈಗ ಆ ಸಂಗ್ರಹಗಳಿಲ್ಲದೆ ಕರ್ನಾಟಕದ ಚಿತ್ರಪರಂಪರೆಯ ಮಾತೇ ಪೂರ್ತಿಯಾಗದು.

ಹೊಟ್ಟೆಪಾಡಿನ ಪ್ರಶ್ನೆಗೆ ಬರುತ್ತೇನೆ. ಅದನ್ನು ತಳ್ಳಿಹಾಕುವ ಹಕ್ಕು ವೇದಿಕೆಯ ಮೇಲೆ ನಿಂತವರಿಗೆ ಇಲ್ಲ. ಕಲಾ ಇತಿಹಾಸ ಓದಿದರೆ ಕೆಲಸವೇನು? ಅಧ್ಯಾಪಕರಾಗಲು ಎನ್‌ಇಟಿ ಪರೀಕ್ಷೆಯ ದೃಶ್ಯಕಲೆ ವಿಷಯದಲ್ಲಿ ಕಲಾ ಇತಿಹಾಸವೂ ಸೇರಿದೆ. ಬೆಂಗಳೂರಿನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ 2023ರಲ್ಲಿ ಕಲೆ ಮತ್ತು ಛಾಯಾಚಿತ್ರದ ದೊಡ್ಡ ಖಾಸಗಿ ವಸ್ತುಸಂಗ್ರಹಾಲಯವೊಂದೂ ಬಾಗಿಲು ತೆರೆದಿವೆ. ವಸ್ತುಸಂಗ್ರಹಾಲಯ, ಪ್ರಕಾಶನ, ಪರಂಪರೆಯ ದಾಖಲಾತಿ, ಹರಾಜು ಮನೆ ಹೀಗೆ ಕೆಲವು ಬಾಗಿಲುಗಳಿವೆ. ಕೆಲವೇ ಬಾಗಿಲುಗಳು. ಹುದ್ದೆಗಳು ಸಾಲುಗಟ್ಟಿ ಕಾದಿವೆ ಎಂದು ಹೇಳಿದರೆ ಅದು ಸುಳ್ಳಾದೀತು. ಬಿ.ಎಡ್. ಮಾಡಿದರೆ ಮೇಷ್ಟರಾಗುವ ಸಾಧ್ಯತೆ ಇದಕ್ಕಿಂತ ಹೆಚ್ಚು. ಮನೆಯಲ್ಲಿ ಸಾಲ ಇದ್ದು, ದುಡಿಯುವ ಕೈ ತನ್ನದೊಂದೇ ಎನ್ನುವ ವಿದ್ಯಾರ್ಥಿಗೆ ನಾನು ಈ ಓದನ್ನು ಶಿಫಾರಸು ಮಾಡಲಾರೆ. ಆದರೆ ಆಕ್ಷೇಪ ಎತ್ತುವವರು ಒಂದು ಹೋಲಿಕೆಯನ್ನು ಮರೆಯುತ್ತಾರೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಎಂ.ಎ. ಮುಗಿಸಿ ಒಂದೇ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯುವವರ ಗುಂಪು ಎಷ್ಟು ದೊಡ್ಡದೆಂದು ಎಲ್ಲರಿಗೂ ಗೊತ್ತು. ಆ ಓದಿಗೆ ಹೊರಟವರನ್ನು ಯಾರೂ ತಡೆದು ಉದ್ಯೋಗದ ಲೆಕ್ಕ ಕೇಳುವುದಿಲ್ಲ. ಲೆಕ್ಕ ಕೇಳುವುದು ಅಪರಿಚಿತ ವಿಷಯಕ್ಕೆ ಮಾತ್ರ. ಇನ್ನು ಬಡವರ ಮಕ್ಕಳಿಗೆ ಈ ಓದು ಎಟುಕದು ಎಂಬುದು ನಿಜವಾದರೆ, ಅದರಿಂದ ಸಿದ್ಧವಾಗುವುದು ವಿಷಯದ ನಿಷ್ಪ್ರಯೋಜಕತೆಯಲ್ಲ, ವಿದ್ಯಾರ್ಥಿವೇತನದ ಕೊರತೆ. ಅಡಿಕೆಯ ಚನ್ನಗಿರಿಯಲ್ಲಿ ಆ ಕೊರತೆ ತುಂಬಲಾರದಷ್ಟು ದೊಡ್ಡದಲ್ಲ ಎಂದು ನಾನು ನಂಬಿದ್ದೇನೆ.

ಭಾಷೆಯ ಮಾತು ಉಳಿಯಿತು. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ, ನಮ್ಮ ಮಕ್ಕಳು ಕನ್ನಡ ಮಾಧ್ಯಮದವರು, ಆಗದು ಎನ್ನುತ್ತಾರೆ. ಮೊದಲ ಆರು ತಿಂಗಳು ಕಷ್ಟವೇ, ಒಪ್ಪಿದೆ. ಆದರೆ ಈ ವಿಷಯದಲ್ಲಿ ಕನ್ನಡದವರಿಗೆ ಒಂದು ಮೇಲುಗೈ ಇದೆ. ಜಗತಿ, ಸುಕನಾಸಿ, ನವರಂಗ, ಭುವನೇಶ್ವರಿ, ಕಕ್ಷಾಸನ ಇವನ್ನು ಬರೋಡದಲ್ಲಿ ಪರಿಭಾಷೆಯೆಂದು ಬಾಯಿಪಾಠ ಮಾಡುವವರಿದ್ದಾರೆ. ನಮ್ಮಲ್ಲಿ ಗುಡಿಯ ಪೂಜಾರಿಗೂ ಇವುಗಳಲ್ಲಿ ಕೆಲವು ಗೊತ್ತು. ಆಡಮ್ ಹಾರ್ಡಿ 1995ರಲ್ಲಿ ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥದ ಹೆಸರಿನಲ್ಲೇ ಕರ್ಣಾಟ ದ್ರಾವಿಡ ಎಂಬ ಮಾತಿದೆ. ಹಳಗನ್ನಡದ ಲಿಪಿ ಓದಬಲ್ಲವರು ರೂವಾರಿಯ ರುಜುವನ್ನು ಅನುವಾದದ ಹಂಗಿಲ್ಲದೆ ಓದುತ್ತಾರೆ. ಶಿವರಾಮ ಕಾರಂತರು ಚಿತ್ರ, ಶಿಲ್ಪ, ವಾಸ್ತುವಿನ ಬಗ್ಗೆ ಕನ್ನಡದಲ್ಲೇ ಬರೆದರು. ಇಂಗ್ಲಿಷಿನಲ್ಲಿ ಹೆಸರು ಮಾಡಿದ ಶೆಟ್ಟರ್ ಅವರು ಬಾಳಿನ ಕೊನೆಯ ಒಂದೂವರೆ ದಶಕದಲ್ಲಿ ತಮ್ಮ ಮುಖ್ಯ ಪುಸ್ತಕಗಳನ್ನು ಕನ್ನಡಕ್ಕೇ ಕೊಟ್ಟರು. ಅವುಗಳಲ್ಲಿ ಒಂದು ಲಿಪಿಯನ್ನೂ ಲಿಪಿಕಾರರನ್ನೂ ಕುರಿತದ್ದು. ಅಕ್ಷರವನ್ನೂ ಕಲ್ಲಿನಲ್ಲಿ ಮೂಡಿದ ಆಕಾರವಾಗಿ, ಒಬ್ಬ ಕುಶಲಿಗನ ಕೈಕೆಲಸವಾಗಿ ನೋಡಬಹುದೆಂಬುದನ್ನು ಅಷ್ಟು ಗಟ್ಟಿಯಾಗಿ ಅದಕ್ಕೆ ಮೊದಲು ಯಾರೂ ಕನ್ನಡದಲ್ಲಿ ಹೇಳಿರಲಿಲ್ಲವೆಂದು ನನ್ನ ತೀರ್ಮಾನ.

ಅವಸರದ ಕಾರಣವನ್ನೂ ಹೇಳಬೇಕು. ಸಂರಕ್ಷಿತ ಸ್ಮಾರಕಕ್ಕೆ ಕನಿಷ್ಠ ಒಂದು ಬೇಲಿ, ಒಂದು ಫಲಕ ಇರುತ್ತದೆ. ಹೊಲದ ಬದುವಿನ ವೀರಗಲ್ಲಿಗೆ ಏನೂ ಇಲ್ಲ. ಗುಡಿ ಹೊಸದಾಗಿ ಕಟ್ಟುವಾಗ ಹಳೆಯ ಕಲ್ಲು ತಳಪಾಯಕ್ಕೆ ಹೋಗುತ್ತದೆ, ಗ್ರಾನೈಟು, ಟೈಲ್ಸು, ಆಯಿಲ್ ಪೇಂಟು ಬರುತ್ತವೆ. ಭಕ್ತರು ಎಣ್ಣೆ ಹಚ್ಚುವುದನ್ನು ನಾನು ತಪ್ಪೆನ್ನುವುದಿಲ್ಲ. ಪೂಜೆ ಇದ್ದುದರಿಂದಲೇ ಎಷ್ಟೋ ಕಲ್ಲು ಉಳಿದಿವೆ. ಆದರೆ ಒಂದು ಕಲ್ಲು ಜಾಗ ಬದಲಿಸುವ ಮೊದಲು ಅದು ಎಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ, ಯಾವುದರ ಪಕ್ಕ ನಿಂತಿತ್ತು ಎಂದು ಬರೆದಿಡುವವರು ಊರಿನಲ್ಲಿ ಒಬ್ಬರಾದರೂ ಇರಬೇಕು. ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಲದೇ ಎಂದು ಕೇಳಬಹುದು. ಫೋಟೊ ಬೇಕು. ಆದರೆ ಯಾವ ಬದಿಯಿಂದ, ಯಾವ ವಿವರಕ್ಕಾಗಿ ತೆಗೆಯಬೇಕೆಂಬುದು ನೋಡಲು ಕಲಿತವರಿಗೆ ಮಾತ್ರ ಹೊಳೆಯುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಉಪನ್ಯಾಸಕ್ಕೆ ದತ್ತಿ ಇಟ್ಟವರಿಗೆ ನಾನು ಋಣಿ. ಇನ್ನು ಮುಂದೆ ದತ್ತಿ ಇಡಲು ಮನಸ್ಸು ಮಾಡುವವರು ಉಪನ್ಯಾಸವನ್ನು ಬಿಟ್ಟು ಒಬ್ಬ ವಿದ್ಯಾರ್ಥಿಗೆ ಇಡಿ. ಈ ನಾಲ್ಕು ತಾಲ್ಲೂಕಿನ ಯಾವುದಾದರೂ ಪ್ರಥಮ ದರ್ಜೆ ಕಾಲೇಜಿನಿಂದ ಪದವಿ ಮುಗಿಸಿದ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಆರಿಸಿ, ಬೆಂಗಳೂರೋ ಬರೋಡವೋ ದೆಹಲಿಯೋ, ಎರಡು ವರ್ಷದ ಶುಲ್ಕ ಮತ್ತು ಹಾಸ್ಟೆಲಿನ ಖರ್ಚು ಕೊಡಿ. ಷರತ್ತು ಎರಡೇ ಇರಲಿ. ಅವರ ಪ್ರಬಂಧದ ವಸ್ತು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವುಗಳಲ್ಲೊಂದರ ನೆಲದ ಮೇಲಿರಬೇಕು. ಅದರ ಕನ್ನಡ ಪ್ರತಿಯೊಂದು ಆ ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಬರಬೇಕು.